ಇಂಗ್ಲಿಷಿನ ವಚನ, ವಿಭಕ್ತಿ, ಸರ್ವನಾಮಗಳು: ಒಬ್ಬ ವಿದ್ಯಾರ್ಥಿಯ ಅನುಭವ

ಬಹುವಚನವೆಂದರೆ ಒಂದಕ್ಕಿಂತ ಹೆಚ್ಚು ಎಂಬುದನ್ನೂ, ಷಷ್ಠೀ ವಿಭಕ್ತಿಯೆಂದರೆ ಸಂಬಂಧವನ್ನು ಹೇಳುವುದೆಂಬುದನ್ನೂ ನಾವೆಲ್ಲರೂ ಹೈಸ್ಕೂಲಿನಲ್ಲಿಯೇ ಓದಿ ಮುಗಿಸಿದ್ದೇವೆ. ಬಿ.ಎ. ಅಂತಿಮ ವರ್ಷದವನೊಬ್ಬ ಮತ್ತೆ ಅದನ್ನೇ ಹಿಡಿದು ಕುಳಿತನೇಕೆ ಎಂದು ಸಹಪಾಠಿ ಮಿತ್ರರು ನಕ್ಕಾರು. ಈಗಲಾದರೂ ಬುದ್ಧಿ ಬಂತಲ್ಲ ಎಂದು ಗುರುಗಳು ಅಂದುಕೊಂಡಾರು. ಎರಡಕ್ಕೂ ನಾನು ಸಿದ್ಧನಾಗಿದ್ದೇನೆ. ಏಕೆಂದರೆ ಈ ಚಿಕ್ಕ ವ್ಯಾಕರಣ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪಿನಿಂದ ನಮ್ಮ ಮನೆಯ ಅಣ್ಣತಮ್ಮಂದಿರ ನಡುವೆ ಒಂದು ತಿಂಗಳು ಮಾತು ನಿಂತಿತ್ತು.

ಮೊದಲು ಓದುಗರಲ್ಲಿ ಒಂದು ವಿಜ್ಞಾಪನೆ. ಇದು ಸಂಚಿಕೆಯ ಕನ್ನಡ ವಿಭಾಗವಾದುದರಿಂದ ಇಂಗ್ಲಿಷ್ ಮಾತುಗಳನ್ನೆಲ್ಲ ಕನ್ನಡ ಅಕ್ಷರಗಳಲ್ಲಿಯೇ ಬರೆದಿದ್ದೇನೆ. ಕಾಗುಣಿತ ಹೇಳಬೇಕಾದ ಕಡೆ ‘ಎಸ್’, ‘ಇ’, ‘ವೈ’ ಎಂದು ಅಕ್ಷರಗಳ ಹೆಸರನ್ನು ಕೊಟ್ಟಿದ್ದೇನೆ. ಅಪಾಸ್ಟ್ರಫಿ ಎಂಬ ಚಿಹ್ನೆಯು ಸಾಲಿನ ನೆತ್ತಿಯಲ್ಲಿ ಬರುವ ಒಂದು ಸಣ್ಣ ಗೀಟು. ಅದನ್ನು ಮುಂದೆ ‘ಗೀಟು’ ಎಂದೇ ಕರೆದಿದ್ದೇನೆ.

ತಪ್ಪು ಆದದ್ದು ಹೀಗೆ

ನಮ್ಮದು ಸಿರುಗುಪ್ಪ ತಾಲ್ಲೂಕಿನ ಒಂದು ಹಳ್ಳಿ. ತುಂಗಭದ್ರೆಯ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಮನೆತನ. ದೊಡ್ಡಪ್ಪ, ನಮ್ಮಪ್ಪ, ಚಿಕ್ಕಪ್ಪ ಮೂವರೂ ಪಾಲಾಗಿ ಬೇರೆ ಬೇರೆ ಹೊಲ ಮಾಡುತ್ತಿದ್ದರೂ ಕಾಗದಪತ್ರದ ಕೆಲಸವೆಲ್ಲ ಒಂದೇ ಕಡೆ, ಎಂದರೆ ನನ್ನ ಕಡೆ ಬರುತ್ತದೆ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ.

ಎರಡು ವರ್ಷದ ಹಿಂದೆ ಭತ್ತ ಕೊಯ್ಲಿಗೆ ಬರುವ ಹೊತ್ತಿಗೆ ಅಕಾಲದ ಮಳೆ ಬಿದ್ದು ಮೂವರ ಬೆಳೆಯೂ ನೆಲಕ್ಕೊರಗಿತು. ಮೂವರೂ ವಿಮೆಯ ಹಣ ಕಟ್ಟಿದ್ದರು. ಹೊರ ರಾಜ್ಯದ ಒಂದು ಕಚೇರಿಗೆ ಇಂಗ್ಲಿಷಿನಲ್ಲಿ ಪತ್ರ ಹೋಗಬೇಕಾಗಿತ್ತು. ‘ನನ್ನ ಹೊಲವನ್ನೂ ನನ್ನ ಅಣ್ಣತಮ್ಮಂದಿರ ಹೊಲಗಳನ್ನೂ ಬಂದು ನೋಡಬೇಕು’ ಎಂದು ಅಪ್ಪ ಹೇಳಿದರು, ನಾನು ಬರೆದೆ. ‘ಮೈ ಬ್ರದರ್ಸ್ ಫೀಲ್ಡ್’ ಎಂದು ಬರೆದು, ಗೀಟನ್ನು ಕೊನೆಯ ಎಸ್ ಅಕ್ಷರದ ಹಿಂದೆ ಇಡುವ ಬದಲು ಮುಂಚೆ ಇಟ್ಟೆ. ಫೀಲ್ಡ್ ಎಂಬುದಕ್ಕೂ ಎಸ್ ಹಚ್ಚಲಿಲ್ಲ. ಅಪ್ಪ ಹೆಬ್ಬೆಟ್ಟು ಒತ್ತಿದರು.

ನೋಡಲು ಬಂದವರು ಅಪ್ಪನ ಹೊಲ ನೋಡಿದರು, ಪಕ್ಕದ ದೊಡ್ಡಪ್ಪನ ಹೊಲ ನೋಡಿದರು, ಹೊರಟರು. ಚಿಕ್ಕಪ್ಪನ ಹೊಲ ಕಾಲುವೆಯ ಆಚೆ ಇದೆ. ಅದನ್ನೂ ನೋಡಿರೆಂದು ಕೇಳಿದರೆ, ಪತ್ರದಲ್ಲಿ ಒಬ್ಬ ಸಹೋದರ, ಒಂದು ಹೊಲ ಎಂದಿದೆಯಲ್ಲ ಎಂದು ಅವರು ಕಾಗದ ತೋರಿಸಿದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮತ್ತೊಂದು ಪತ್ರ ಹೋಗಿ, ಮತ್ತೆ ಅವರು ಬರುವ ವೇಳೆಗೆ ಚಿಕ್ಕಪ್ಪ ಒರಗಿದ ಭತ್ತವನ್ನು ಕೊಯ್ದು ಆಗಿತ್ತು. ನೋಡಲು ಏನೂ ಉಳಿದಿರಲಿಲ್ಲ.

ಹಣ ಹೋದದ್ದಕ್ಕಿಂತ ದೊಡ್ಡ ಸಂಕಟ ಮುಂದೆ ಬಂತು. ‘ಓದಿದ ಹುಡುಗ ಬರೆದದ್ದು ತಪ್ಪಾಗತೈತೇನು? ಬೇಕಂತಲೇ ಬರೆಸ್ಯಾರ’ ಎಂದು ಚಿಕ್ಕಪ್ಪ ಅಪ್ಪನ ಸಂಗಡ ಮಾತು ಬಿಟ್ಟರು. ಓದಿದವರ ಮನೆಯಲ್ಲಿ ಒಬ್ಬನ ತಪ್ಪನ್ನು ಇನ್ನೊಬ್ಬ ತಿದ್ದುತ್ತಾನೆ. ಮೊದಲ ಸಲ ಅಕ್ಷರ ಕಂಡ ಮನೆಯಲ್ಲಿ ತಪ್ಪನ್ನು ತಪ್ಪೆಂದು ಗುರುತಿಸುವವರೇ ಇಲ್ಲವಾದುದರಿಂದ ಅದು ಮೋಸದಂತೆ ಕಾಣುತ್ತದೆ. ಇದನ್ನು ನಾನು ಅಂದು ತಿಳಿದೆ. ಅಂದಿನಿಂದ ಈ ವಿಷಯವನ್ನು ಬೇರಿನಿಂದ ಅಭ್ಯಾಸ ಮಾಡತೊಡಗಿದೆ.

ಬಹುವಚನ

ಕನ್ನಡದಲ್ಲಿ ಬಹುವಚನ ಕಿವಿಗೆ ಸ್ಪಷ್ಟವಾಗಿ ಕೇಳುತ್ತದೆ. ಮರ ಮರಗಳಾಗುತ್ತದೆ, ಅರಸ ಅರಸರಾಗುತ್ತಾನೆ, ಅಣ್ಣ ಅಣ್ಣಂದಿರಾಗುತ್ತಾನೆ. 13ನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಹಳಗನ್ನಡದ ಇಂಥ ಪ್ರತ್ಯಯಗಳಿಗೆಲ್ಲ ಲಕ್ಷಣ ಹೇಳಿದ್ದಾನೆ. ಆದರೆ ಸಂಖ್ಯೆಯನ್ನು ಮೊದಲೇ ಹೇಳಿಬಿಟ್ಟಾಗ, ಮನುಷ್ಯರಲ್ಲದ ವಸ್ತುಗಳಿಗೆ ನಾವು ಬಹುವಚನ ಹಚ್ಚುವ ಗೋಜಿಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಹತ್ತು ಚೀಲ ಭತ್ತ, ನಾಲ್ಕು ಎಕರೆ ಹೊಲ, ಎರಡು ಎತ್ತು ಎನ್ನುತ್ತೇವೆ. ಹತ್ತು ಎಂದ ಮೇಲೆ ಚೀಲ ಒಂದಕ್ಕಿಂತ ಹೆಚ್ಚೆಂದು ಮತ್ತೆ ಹೇಳುವುದೇಕೆ ಎಂಬುದು ನಮ್ಮ ಭಾಷೆಯ ನ್ಯಾಯ.

ಇಂಗ್ಲಿಷಿಗೆ ಈ ನ್ಯಾಯ ಒಪ್ಪಿಗೆಯಿಲ್ಲ. ಹತ್ತು ಎಂದ ಮೇಲೂ ‘ಟೆನ್ ಬ್ಯಾಗ್ಸ್’ ಎಂದು ಎಸ್ ಹಚ್ಚಲೇಬೇಕು. ನಮ್ಮ ಉತ್ತರಪತ್ರಿಕೆಗಳಲ್ಲಿ ಕಾಣುವ ‘ಟೆನ್ ಬ್ಯಾಗ್’, ‘ಫೈವ್ ಇಯರ್’ ಮುಂತಾದ ತಪ್ಪುಗಳು ಅಜ್ಞಾನದಿಂದ ಬಂದವಲ್ಲ, ಕನ್ನಡದ ನಿಯಮವನ್ನು ಅಲ್ಲಿಗೆ ಒಯ್ದುದರಿಂದ ಬಂದವು. ಆದರೆ ಅದೇ ಅಳತೆ ಇನ್ನೊಂದು ನಾಮಪದಕ್ಕೆ ವಿಶೇಷಣವಾಗಿ ಮುಂದೆ ನಿಂತಾಗ ಎಸ್ ಬಿದ್ದುಹೋಗುತ್ತದೆ. ಹೊಲ ‘ಟೆನ್ ಏಕರ್ಸ್’ ಇರುತ್ತದೆ. ಆದರೆ ಅದು ‘ಟೆನ್-ಏಕರ್ ಫೀಲ್ಡ್’.

ಸಾಮಾನ್ಯ ನಿಯಮಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಹೆಚ್ಚಿನ ಪದಗಳಿಗೆ ಎಸ್ ಹಚ್ಚಿದರೆ ಸಾಕು. ಬಸ್, ಬಾಕ್ಸ್, ಬ್ರಶ್, ಬೆಂಚ್ ಎಂಬಂತೆ ಸಕಾರ, ಶಕಾರ, ಚಕಾರದ ಧ್ವನಿಯಲ್ಲಿ ಮುಗಿಯುವ ಪದಗಳಿಗೆ ಇ-ಎಸ್ ಹಚ್ಚಬೇಕು. ವೈ ಅಕ್ಷರದ ಹಿಂದೆ ವ್ಯಂಜನವಿದ್ದರೆ, ಸಿಟಿ ಎಂಬ ಪದದಲ್ಲಿದ್ದಂತೆ, ವೈ ಹೋಗಿ ಐ-ಇ-ಎಸ್ ಬರುತ್ತದೆ. ಹಿಂದೆ ಸ್ವರವಿದ್ದರೆ, ಬಾಯ್ ಎಂಬುದರಲ್ಲಿದ್ದಂತೆ, ಬರಿಯ ಎಸ್ ಸಾಕು. ಲೀಫ್, ನೈಫ್, ಕಾಫ್ ಎಂಬಲ್ಲಿ ಎಫ್ ಹೋಗಿ ವಿ ಬರುತ್ತದೆ. ರೂಫ್ ಎಂಬುದು ಮಾತ್ರ ಬಗ್ಗುವುದಿಲ್ಲ, ರೂಫ್ಸ್ ಎಂದೇ ಉಳಿಯುತ್ತದೆ. ಟೊಮ್ಯಾಟೊ ಪದಕ್ಕೆ ಇ-ಎಸ್, ಫೋಟೊ ಪದಕ್ಕೆ ಎಸ್.

ಇನ್ನು ನಿಯಮ ಮೀರಿದ ಪದಗಳು. ಇವನ್ನು ನಾನು ಬಾಯಿಪಾಠ ಮಾಡುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಆಕ್ಸ್ ಎಂಬ ಎತ್ತು ಆಕ್ಸನ್ ಆಗುತ್ತದೆ. ಶೀಪ್ ಎಂಬ ಕುರಿ ಒಂದಿದ್ದರೂ ಶೀಪ್, ಹಿಂಡಿದ್ದರೂ ಶೀಪ್. ಚೈಲ್ಡ್ ಚಿಲ್ಡ್ರನ್ ಆಗುತ್ತದೆ; ಮ್ಯಾನ್ ಮೆನ್, ಫುಟ್ ಫೀಟ್, ಟೂತ್ ಟೀತ್, ಮೌಸ್ ಮೈಸ್ ಆಗುತ್ತವೆ. ಎತ್ತು, ಕುರಿ, ಮಗು, ಗಂಡಸು, ಕಾಲು, ಹಲ್ಲು, ಇಲಿ: ಇವೆಲ್ಲ ಒಬ್ಬ ರೈತನ ಮನೆಯಂಗಳದ ಪದಗಳೇ ಅಲ್ಲವೆ? ಇದಕ್ಕೆ ಕಾರಣವಿದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಬಹುವಚನ ಮಾಡುವ ಕ್ರಮಗಳು ಹಲವಿದ್ದವು. ಕಾಲಕ್ರಮದಲ್ಲಿ ಎಸ್ ಒಂದೇ ಗೆದ್ದು ಉಳಿದವನ್ನು ನುಂಗಿತು. ದಿನವೂ ಬಾಯಲ್ಲಿ ಆಡುವ ಮನೆಮಾತುಗಳು ಮಾತ್ರ ಹಳೆಯ ರೂಪವನ್ನು ಬಿಟ್ಟುಕೊಡಲಿಲ್ಲ. ಇಂಗ್ಲಿಷು ಸಾಹೇಬರ ಭಾಷೆಯೆಂದು ಹೆದರಿದ್ದ ನನಗೆ ಅದರ ಒಳಮನೆಯಲ್ಲಿಯೂ ಒಂದು ದನದ ಕೊಟ್ಟಿಗೆ ಇದೆಯೆಂದು ತಿಳಿದು ಧೈರ್ಯ ಬಂತು.

ನಮ್ಮ ಬಳ್ಳಾರಿಯಲ್ಲಿ ಬಹುವಚನದ ವಿನೋದಗಳಿಗೂ ಕೊರತೆಯಿಲ್ಲ. ಜೀನ್ಸ್ ಉಡುಪು ಹೊಲಿಯುವುದರಲ್ಲಿ ನಮ್ಮ ನಗರ ಹೆಸರಾಗಿದೆ. ಆದರೆ ಜೀನ್ಸ್ ಎಂಬುದು ಇಂಗ್ಲಿಷಿನಲ್ಲಿ ಸದಾ ಬಹುವಚನ. ‘ದಿಸ್ ಜೀನ್ಸ್’ ಎನ್ನುವಂತಿಲ್ಲ, ‘ದೀಸ್ ಜೀನ್ಸ್’ ಎನ್ನಬೇಕು. ಒಂದೇ ಒಂದು ಬೇಕಾದರೆ ‘ಎ ಪೇರ್ ಆಫ್ ಜೀನ್ಸ್’. ಅಂಗಡಿಯವರು ‘ಒಂದು ಜೀನ್ಸ್’ ಎಂದು ಕನ್ನಡದಲ್ಲಿ ಮಾರುವುದರಲ್ಲಿ ತಪ್ಪೇನೂ ಇಲ್ಲ, ಬಿಲ್ಲನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಎಚ್ಚರ ಬೇಕು. ಸಿರುಗುಪ್ಪದ ಬಸ್ಸಿನಲ್ಲಿ ‘ಒಬ್ರು ಲೇಡೀಸ್ ಅದಾರ, ಜಾಗ ಬಿಡ್ರಿ’ ಎಂಬ ಕೂಗು ಕೇಳದವರು ಯಾರು? ಲೇಡೀಸ್ ಎಂಬ ಬಹುವಚನವನ್ನು ನಾವು ಒಬ್ಬಾಕೆಗೇ ಕೊಟ್ಟುಬಿಟ್ಟಿದ್ದೇವೆ. ಅದು ಗೌರವದ ಬಹುವಚನವೆಂದು ಭಾವಿಸಿದರೂ ಆದೀತು!

ಷಷ್ಠೀ ವಿಭಕ್ತಿ

ಈಗ ನನ್ನ ತಪ್ಪಿನ ಜಾಗಕ್ಕೆ ಬಂದೆವು. ಕನ್ನಡದಲ್ಲಿ ಮೊದಲು ವಚನ, ಆಮೇಲೆ ವಿಭಕ್ತಿ. ಎರಡೂ ಬೇರೆ ಬೇರೆ ಕೇಳುತ್ತವೆ. ಅಣ್ಣ, ಅಣ್ಣಂದಿರು, ಅಣ್ಣನ, ಅಣ್ಣಂದಿರ ಎಂದು ನಾಲ್ಕು ರೂಪಗಳು. ಕತ್ತಲಲ್ಲಿ ಕೂತು ಕೇಳಿದರೂ ಹೊಲ ಒಬ್ಬನದೋ ಹಲವರದೋ ಎಂದು ಸಂಶಯ ಬರುವುದಿಲ್ಲ.

ಇಂಗ್ಲಿಷಿನಲ್ಲಿ ಹಾಗಲ್ಲ. ಅಣ್ಣಂದಿರು ಎಂಬುದು ಬ್ರದರ್ಸ್. ಅಣ್ಣನ ಎಂಬುದೂ ಬ್ರದರ್ಸ್, ಗೀಟು ಎಸ್ ಅಕ್ಷರಕ್ಕೆ ಮುಂಚೆ. ಅಣ್ಣಂದಿರ ಎಂಬುದೂ ಬ್ರದರ್ಸ್, ಗೀಟು ಎಸ್ ಆದ ಮೇಲೆ. ಮೂರರ ಉಚ್ಚಾರಣೆಯೂ ಒಂದೇ. ಭೇದವಿರುವುದು ಕಣ್ಣಿಗೆ ಮಾತ್ರ, ಕಿವಿಗಲ್ಲ. ನಾವು ಹಳ್ಳಿಯ ವಿದ್ಯಾರ್ಥಿಗಳು ಇಂಗ್ಲಿಷನ್ನು ಬಹುಮಟ್ಟಿಗೆ ತರಗತಿಯಲ್ಲಿ ಕೇಳಿ ಕಲಿತವರು. ಕೇಳಿ ಕಲಿತವನಿಗೆ ಈ ಗೀಟು ಎಂದಿಗೂ ದೊರೆಯದು. ಈ ಒಂದು ಮಾತನ್ನು ಹೇಳುವುದಕ್ಕಾಗಿಯೇ ನಾನು ಈ ಲೇಖನವನ್ನು ಬರೆದಿದ್ದೇನೆ. ಗೀಟನ್ನು ಇಡುವ ಮೊದಲು ಇಂಗ್ಲಿಷ್ ವಾಕ್ಯವನ್ನು ಬಾಯಲ್ಲಿ ಆಡಿ ನೋಡಿದರೆ ಪ್ರಯೋಜನವಿಲ್ಲ. ಅದನ್ನು ಕನ್ನಡದಲ್ಲಿ ಹೇಳಿಕೊಳ್ಳಬೇಕು. ‘ಯಾರದು? ಒಬ್ಬನದೋ, ಹಲವರದೋ?’ ಎಂದು ಕೇಳಿಕೊಂಡರೆ ಉತ್ತರ ಕನ್ನಡದಲ್ಲಿ ಸಿದ್ಧವಾಗಿರುತ್ತದೆ. ‘ಅಣ್ಣನ’ ಎಂದು ಬಂದರೆ ಬ್ರದರ್ ಎಂದು ಪೂರ್ತಿ ಬರೆದು, ಗೀಟು ಹಾಕಿ, ಎಸ್ ಬರೆಯಿರಿ. ‘ಅಣ್ಣಂದಿರ’ ಎಂದು ಬಂದರೆ ಬ್ರದರ್ಸ್ ಎಂದು ಎಸ್ ಸಮೇತ ಪೂರ್ತಿ ಬರೆದು ಅದರ ಮೇಲೆ ಗೀಟು ಹಾಕಿರಿ. ಕನ್ನಡ ನಮ್ಮ ಇಂಗ್ಲಿಷಿಗೆ ಅಡ್ಡಿಯೆಂದು ಕೆಲವರು ಹೇಳುವುದುಂಟು. ಈ ಜಾಗದಲ್ಲಂತೂ ಅದೇ ನಮ್ಮ ಕೈ ಹಿಡಿಯುತ್ತದೆ.

ಎಸ್ ಇಲ್ಲದ ಬಹುವಚನಗಳಿಗೆ ಗೀಟು ಮೊದಲು, ಎಸ್ ಆಮೇಲೆ. ಚಿಲ್ಡ್ರನ್ಸ್, ವಿಮೆನ್ಸ್ ಎಂಬಲ್ಲಿ ಚಿಲ್ಡ್ರನ್, ವಿಮೆನ್ ಎಂಬುವೇ ಬಹುವಚನಗಳಾದುದರಿಂದ ಗೀಟು ಎಸ್ ಆದ ಮೇಲೆ ಬರಲು ಕಾರಣವೇ ಇಲ್ಲ. ಸಿಸ್ಟರ್-ಇನ್-ಲಾ ಎಂಬಂಥ ಜೋಡುಪದದಲ್ಲಿ ಬಹುವಚನದ ಎಸ್ ಮೊದಲ ಪದಕ್ಕೂ, ಷಷ್ಠಿಯ ಎಸ್ ಕೊನೆಯ ಪದಕ್ಕೂ ಹತ್ತುತ್ತದೆ.

ಪಾಲಾದ ಮನೆಯವರಿಗೆ ಅತ್ಯವಶ್ಯವಾದ ನಿಯಮ ಇನ್ನೊಂದುಂಟು. ರಾಮ ಭೀಮರ ಹೊಲ ಇಬ್ಬರಿಗೂ ಸೇರಿ ಒಂದೇ ಆಗಿದ್ದರೆ, ಇಂಗ್ಲಿಷಿನಲ್ಲಿ ಕೊನೆಯ ಹೆಸರಾದ ಭೀಮನಿಗೆ ಮಾತ್ರ ಗೀಟು ಮತ್ತು ಎಸ್. ರಾಮನ ಹೊಲ ಬೇರೆ, ಭೀಮನ ಹೊಲ ಬೇರೆ ಆಗಿದ್ದರೆ ಇಬ್ಬರ ಹೆಸರಿಗೂ ಗೀಟು ಮತ್ತು ಎಸ್ ಬೇಕು. ಪಾಲುಪಟ್ಟಿಯಲ್ಲಿ ಹತ್ತು ಸಾಲಿನಲ್ಲಿ ಹೇಳುವುದನ್ನು ಇಂಗ್ಲಿಷು ಎರಡು ಗೀಟಿನಲ್ಲಿ ಹೇಳಿಬಿಡುತ್ತದೆ. ಹೇಳುವವನಿಗೆ ಅದು ಸುಲಭ, ಬರೆಯುವವನಿಗೆ ಅಪಾಯ.

ಬರಿಯ ಬಹುವಚನಕ್ಕೆ ಗೀಟು ಬೇಡ. ದೋಸೆ, ಟೀ, ಟೈರು ಮಾರುವ ಅಂಗಡಿಗಳ ಇಂಗ್ಲಿಷ್ ಫಲಕಗಳಲ್ಲಿ ಎಸ್ ಕಂಡಲ್ಲೆಲ್ಲ ಗೀಟು ಹಾಕಿರುವುದನ್ನು ರಾಯಲ್ ಸರ್ಕಲಿನಿಂದ ನಾಲ್ಕೂ ದಿಕ್ಕಿಗೆ ನಡೆದರೆ ಕಾಣಬಹುದು. ಇಂಗ್ಲೆಂಡಿನ ತರಕಾರಿ ಅಂಗಡಿಗಳಲ್ಲಿಯೂ ಇದೇ ತಪ್ಪು ಎಷ್ಟು ಸಾಮಾನ್ಯವೆಂದರೆ, ಅಲ್ಲಿಯವರು ಅದಕ್ಕೆ ತರಕಾರಿಯವನ ಅಪಾಸ್ಟ್ರಫಿ ಎಂದೇ ಹೆಸರಿಟ್ಟಿದ್ದಾರೆ. ತಾಯಿನುಡಿಯವರೂ ಎಡವುವ ಕಲ್ಲು ಇದು.

ಈ ಗೀಟು ಹುಟ್ಟಿದ ಬಗೆಯನ್ನೂ ತಿಳಿಯುವುದು ಒಳ್ಳೆಯದು. ಹಳೆಯ ಇಂಗ್ಲಿಷಿನಲ್ಲಿ ಹಲವು ಪದಗಳ ಷಷ್ಠಿಗೆ ಇ-ಎಸ್ ಎಂಬ ಪ್ರತ್ಯಯವಿತ್ತು. ಬರಬರುತ್ತ ಇ ಕಾರದ ಉಚ್ಚಾರಣೆ ಬಿದ್ದುಹೋಯಿತು. ಬಿದ್ದ ಅಕ್ಷರದ ಗುರುತಾಗಿ ಗೀಟು ಹಾಕುವ ಪದ್ಧತಿ 16ನೆಯ ಶತಮಾನದಲ್ಲಿ ಫ್ರೆಂಚಿನಿಂದ ಇಂಗ್ಲಿಷಿಗೆ ಬಂತು. ಏಕವಚನದ ಷಷ್ಠಿಯಲ್ಲಿ ಅದು ಮೊದಲು ನೆಲೆಯಾಯಿತು. ಬಹುವಚನದ ಷಷ್ಠಿಗೆ ಎಸ್ ಆದ ಮೇಲೆ ಗೀಟು ಹಾಕುವ ಕ್ರಮ ಆಮೇಲೆ ಸ್ಥಿರವಾಯಿತು. ನನ್ನನ್ನು ಕೆಡವಿದ ಗೀಟು, ಒಟ್ಟಿನಲ್ಲಿ, ಅಷ್ಟೇನೂ ಪುರಾತನವಾದುದಲ್ಲ.

ಸರ್ವನಾಮ

ಸರ್ವನಾಮಗಳ ಷಷ್ಠಿಯಲ್ಲಿ ಗೀಟಿಗೆ ಸ್ಥಾನವೇ ಇಲ್ಲ. ಹಿಸ್, ಹರ್ಸ್, ಅವರ್ಸ್, ಯುವರ್ಸ್, ದೇರ್ಸ್, ಇಟ್ಸ್ ಎಂಬುವನ್ನು ಗೀಟಿಲ್ಲದೆ ಬರೆಯಬೇಕು. ಐ-ಟಿ-ಎಸ್ ಎಂಬುದರ ನಡುವೆ ಗೀಟು ಬಂದರೆ ಅದು ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಎಂಬುದರ ಸಂಕ್ಷೇಪ. ಬಿಡಿಸಿ ಓದಿ ಅರ್ಥವಾದರೆ ಗೀಟು ಹಾಕಿರಿ, ಇಲ್ಲವಾದರೆ ಬಿಡಿರಿ. ಇದರಲ್ಲಿ ತಪ್ಪುವವರಿಗೆ ಒಂದು ಸಮಾಧಾನ: ಇಟ್ಸ್ ಎಂಬ ಷಷ್ಠಿರೂಪವೇ 16ನೆಯ ಶತಮಾನದ ಕೊನೆಯಲ್ಲಿ ಬಳಕೆಗೆ ಬಂದುದು, ಬಹುಕಾಲ ಅದನ್ನು ಗೀಟು ಹಾಕಿಯೂ ಬರೆಯುತ್ತಿದ್ದರು. ಇಂದು ಅದು ತಪ್ಪು.

ಮೈ ಮತ್ತು ಮೈನ್, ಅವರ್ ಮತ್ತು ಅವರ್ಸ್ ಎಂಬ ಜೋಡಿಗಳು ನಮಗೆ ಕಷ್ಟವಾಗಬೇಕಾದುದಿಲ್ಲ. ‘ನನ್ನ ಹೊಲ’ ಎನ್ನುವಾಗ ಮೈ, ‘ಹೊಲ ನನ್ನದು’ ಎನ್ನುವಾಗ ಮೈನ್. ಕನ್ನಡದಲ್ಲಿ ‘ದು’ ಬಂದಲ್ಲಿ ಇಂಗ್ಲಿಷಿನಲ್ಲಿ ಎರಡನೆಯ ರೂಪ.

ಗೌರವದ ಬಹುವಚನವೇ ನಮಗೆ ಇಲ್ಲಿ ದೊಡ್ಡ ತೊಡಕು. ‘ಅಪ್ಪ ಬಂದಿದ್ದಾರೆ’ ಎಂಬ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ‘ಮೈ ಫಾದರ್ ಹ್ಯಾವ್ ಕಮ್’ ಎಂದು ಬರೆದವರಲ್ಲಿ ನಾನೂ ಒಬ್ಬ. ಗುರುಗಳನ್ನು ‘ಹಿ’ ಎನ್ನಲು ನಾಲಿಗೆ ಏಳುವುದಿಲ್ಲ. ‘ಅವನು’ ಎಂದಂತೆ ಕೇಳುತ್ತದೆ. ಆದರೆ ಇಂಗ್ಲಿಷಿನ ‘ಹಿ’ ಎಂಬುದರಲ್ಲಿ ಅಗೌರವವಿಲ್ಲ, ರಾಷ್ಟ್ರಪತಿಗೂ ಅದೇ, ಜೀತದಾಳಿಗೂ ಅದೇ. ‘ಯೂ’ ಎಂಬುದಾದರೋ ನಮ್ಮ ನೀವು ಎಂಬಂತೆ ಮೂಲದಲ್ಲಿ ಬಹುವಚನ; ನೀನು ಎಂಬುದಕ್ಕೆ ಇದ್ದ ‘ದೌ’ ಎಂಬ ಮಾತು ನಿತ್ಯದ ಬಳಕೆಯಿಂದ ಹೋಗಿ, ಎಲ್ಲರಿಗೂ ನೀವೇ ಉಳಿಯಿತು. ಗಂಡೋ ಹೆಣ್ಣೋ ತಿಳಿಯದ ಒಬ್ಬರನ್ನು ಕುರಿತು ಈಗ ‘ದೇ’ ಎಂಬ ಬಹುವಚನವನ್ನು ಬಳಸುವುದು ವಾಡಿಕೆಯಲ್ಲಿದೆ, ನಮ್ಮ ‘ಅವರು’ ಇದ್ದ ಹಾಗೆ.

ಇಂಗ್ಲಿಷಿಗೆ ಇಲ್ಲದ ಒಂದು ಸಂಪತ್ತು ನಮ್ಮಲ್ಲಿದೆ. ಕುರುಗೋಡು ನನ್ನ ತಾಯಿಯ ತವರು. ದೊಡ್ಡಬಸವೇಶ್ವರನ ಜಾತ್ರೆಗೆ ಹೋದಾಗ ಸೋದರಮಾವ ಅಪ್ಪನಿಗೆ ತಮ್ಮ ಎತ್ತು ಕುಂಟುತ್ತಿದೆಯೆಂದು ಹೇಳಿದರೆನ್ನಿ. ‘ತಮ್ಮ ಎತ್ತು’ ಎಂದರೆ ಮಾವನದು; ‘ಅವರ ಎತ್ತು’ ಎಂದಿದ್ದರೆ ಅಪ್ಪನದು. ಇಂಗ್ಲಿಷಿನಲ್ಲಿ ಎರಡಕ್ಕೂ ‘ಹಿಸ್’ ಒಂದೇ. ಎತ್ತು ಯಾರದೆಂದು ತಿಳಿಯುವಂತಿಲ್ಲ. ಆದ್ದರಿಂದ ಅಂಥ ಕಡೆ ಸರ್ವನಾಮ ಬಿಟ್ಟು ಹೆಸರನ್ನೇ ಬರೆಯುವುದು ಕ್ಷೇಮ.

ನೆರೆಯ ತೆಲುಗಿನಲ್ಲಿ ಇನ್ನೊಂದು ಸೊಗಸಿದೆ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿ, ಉಳಿದ ಬಳ್ಳಾರಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತಾದರೂ ನಮ್ಮ ಬೀದಿಗಳಲ್ಲಿ ಎರಡು ಭಾಷೆಗಳೂ ಕೂಡಿಯೇ ಬಾಳುತ್ತಿವೆ. ತೆಲುಗರು ಕೇಳುವವನನ್ನೂ ಸೇರಿಸಿಕೊಂಡು ‘ನಾವು’ ಎನ್ನುವುದಕ್ಕೆ ‘ಮನಮು’ ಎಂದೂ, ಅವನನ್ನು ಬಿಟ್ಟು ‘ನಾವು’ ಎನ್ನುವುದಕ್ಕೆ ‘ಮೇಮು’ ಎಂದೂ ಹೇಳುತ್ತಾರೆ. ಇಂದಿನ ಕನ್ನಡದ ‘ನಾವು’, ಇಂಗ್ಲಿಷಿನ ‘ವಿ’ ಈ ಭೇದವನ್ನು ಮಾಡುವುದಿಲ್ಲ. ಯಾವ ಭಾಷೆಯೂ ಎಲ್ಲವನ್ನೂ ಹೇಳುವುದಿಲ್ಲ; ಒಂದು ಬಿಟ್ಟದ್ದನ್ನು ಮತ್ತೊಂದು ಹಿಡಿದಿರುತ್ತದೆ.

ಉಪಸಂಹಾರ

ಎರಡು ನೂರು ವರ್ಷಗಳ ಹಿಂದೆ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ವಿಲಿಯಂ ರೀವ್ ಎಂಬ ಪಾದ್ರಿ ಇದ್ದರು. ಅವರ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ ಪ್ರಕಟವಾಯಿತು. ನಮ್ಮ ಅಂದಿರು, ಗಳು, ಅವರು, ತಾವುಗಳನ್ನು ಕಲಿಯಲು ಅವರೂ ಈ ಊರಿನಲ್ಲಿ ತಿಣುಕಿರಲೇಬೇಕು. ಅವರು ನಾಚಲಿಲ್ಲ; ನಾವೂ ನಾಚಬೇಕಾದುದಿಲ್ಲ.

ನನ್ನ ಮನೆಯ ಸಂಗತಿಯನ್ನು ಪೂರ್ತಿ ಮಾಡುತ್ತೇನೆ. ತಪ್ಪು ಎಲ್ಲಿ ಆಯಿತೆಂದು ನನಗೆ ತಿಳಿದ ದಿನ ಚಿಕ್ಕಪ್ಪನ ಮನೆಗೆ ಹೋಗಿ ಎರಡು ಕಾಗದ ಬರೆದು ಓದಿ ತೋರಿಸಿದೆ. ‘ಎರಡೂ ಒಂದೇ ಕೇಳತೈತಲ್ಲೋ’ ಎಂದರು. ‘ಅದಕ್ಕೇ ತಪ್ಪಾತು, ಚಿಕ್ಕಪ್ಪ’ ಎಂದು ಗೀಟುಗಳನ್ನು ತೋರಿಸಿದೆ. ಓದು ಬಾರದ ಅವರು ಎರಡು ಕಾಗದವನ್ನೂ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ‘ಇಷ್ಟಕ್ಕೆ ನನ್ನ ಹೊಲ ಹೋತೇನು’ ಎಂದರು. ಅವರು ನಗಲಿಲ್ಲ. ಆದರೆ ಸಂಜೆ ನಮ್ಮ ಮನೆಯ ಕಟ್ಟೆಗೆ ಬಂದು ಅಪ್ಪನ ಪಕ್ಕದಲ್ಲಿ ಕುಳಿತರು.

ಹೋದ ಹಣ ಬರಲಿಲ್ಲ. ಈಗ ಚಿಕ್ಕಪ್ಪ ಕಾಗದ ಬರೆಸಲು ಬಂದರೆ, ಬರೆದಾದ ಮೇಲೆ ‘ಗೀಟು ಎಲ್ಲಿ ಹಾಕಿದಿ, ತೋರಿಸು’ ಎಂದು ಕೇಳದೆ ಹೆಬ್ಬೆಟ್ಟು ಒತ್ತುವುದಿಲ್ಲ. ನನ್ನಂತೆ ಮನೆಯಲ್ಲಿ ತಿದ್ದುವವರಿಲ್ಲದ ಕಿರಿಯ ಮಿತ್ರರು ಕಾಲೇಜಿನಲ್ಲಿ ಇರುವಷ್ಟು ದಿನ ಗುರುಗಳ ಮುಂದೆ ಧಾರಾಳವಾಗಿ ತಪ್ಪು ಮಾಡಿ ತಿದ್ದಿಸಿಕೊಳ್ಳಲಿ. ಇಲ್ಲಿಯ ತಪ್ಪಿಗೆ ಹೋಗುವುದು ಒಂದು ಅಂಕ ಮಾತ್ರ. ಈ ಬರಹದಲ್ಲಿಯೂ ದೋಷಗಳಿದ್ದರೆ ಗುರುಗಳು ತಿದ್ದಬೇಕೆಂದು ಬೇಡಿ ಮುಗಿಸುತ್ತೇನೆ.